ಎಲೆಯಿಲ್ಲದ ಮರಳುಗಾಡು

ತಮ್ಮ ತೀರಿಕೊಂಡನೆಂಬ ತಾರು ಬರುವ ಹಿಂದಿನ ದಿನ ನಾನು ಸಿಂಧನೂರಿನ ಮನೆಯಲ್ಲಿ ಅವನಿಗೆ ಕಳಿಸಲೆಂದು ತೆಳು ಅಂಗಿ ಹೊಲಿಯುತ್ತಿದ್ದೆ. ಅವನು ಈ ಮಹಾಯುದ್ಧದಲ್ಲಿ ಮಿಸರದ, ಅಂದರೆ ಈಜಿಪ್ತಿನ, ಮರಳುಗಾಡಿನಲ್ಲಿ ಸಿಪಾಯಿಯಾಗಿದ್ದ. ಇಂದು ಅವನ ಸರಕಾರಿ ಕಾಗದಪತ್ರಗಳಿಗಾಗಿ ಲಿಂಗಸುಗೂರಿನ ಕಚೇರಿಗೆ ಹೊರಟಿದ್ದೇನೆ.

ಪೆಟ್ರೋಲು ಸಿಗದ ಕಾಲ; ಮಸ್ಕಿಯಲ್ಲಿ ಬಸ್ಸು ಇದ್ದಿಲು ತುಂಬಿಸಿಕೊಳ್ಳಲು ನಿಂತಿತು. ಚಹಾದಂಗಡಿಯ ನೆರಳಿನಲ್ಲಿ ಮುದುಕ ಹವಾಲ್ದಾರರೊಬ್ಬರು ಕುಳಿತಿದ್ದರು. ಹಿಂದಿನ ಲಡಾಯಿಯಲ್ಲಿ ಮಿಸರ, ಆಮೇಲೆ ಲಡಾಖ್, ಎರಡನ್ನೂ ಕಂಡವರು. ಮಿಸರದ ತಮ್ಮನಿಗೆಂದು ಹೊಲಿದ ಅಂಗಿಯ ಮಾತಷ್ಟೇ ಹೇಳಿದಾಗ ನಕ್ಕರು.

"ತೆಳು ಅಂಗಿ ಏನ್ ಮಾಡ್ತೈತಿ ಬೇಟಿ? ಅಲ್ಲಿ ಮಂದಿ ಬಿಸಿಲು ಮೈಗೆ ತಾಕಬಾರದಂತ ಉಣ್ಣಿ ನಿಲುವಂಗಿ ಹಾಕ್ಕೋತಾರ. ಲಡಾಖದಾಗೂ ಉಣ್ಣೀನ, ಅದು ಥಂಡಿಗೆ. ಮಳಿ ಎರಡೂ ಕಡೆ ಇಲ್ಲ."

"ಗಿಡ ಇರ್ತಾವೇನ್ರೀ?"

"ಲಡಾಖದಾಗ ಗಿಡ ಗಾಳಿಗೆ ಅಂಜಿ ಬೆಕ್ಕಿನಂಗ ನೆಲಕ್ಕ ಮುದುಡಿಕೊಂಡಿರ್ತಾವ. ಮಿಸರದಾಗ ನೀರಿದ್ದಲ್ಲಿ ಖರ್ಜೂರ, ಉಳಿದಿದ್ದೆಲ್ಲಾ ಬರೇ ಮುಳ್ಳು. ಹಸಿರೆಲಿ ಹುಡುಕಿದ್ರೂ ಸಿಗಂಗಿಲ್ಲ."

ನಮ್ಮಲ್ಲಿ ಸತ್ತವರನ್ನು ಸಮಾಧಿಯಲ್ಲಿ ಕೂರಿಸಿ, ವಿಭೂತಿಯ ಜೊತೆ ಬಿಲ್ವಪತ್ರೆ ಹಾಕಿ ಮುಚ್ಚುತ್ತೇವೆ. ಮನೆಯವರೆಲ್ಲ ಒಂದೊಂದು ಎಲೆಯಾದರೂ ಹಾಕಲೇಬೇಕು. ತಾರಿನ ಸುದ್ದಿ ಹೇಳಿ, ಅದು ಬಂದಂದಿನಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ: "ಹಂಗಾದ್ರ ನನ್ನ ತಮ್ಮನ ಮ್ಯಾಲ ಏನ್ ಹಾಕಿರ್ತಾರ?"

ಮುದುಕರು ಚಹಾದ ಬಟ್ಟಲು ಕೆಳಗಿಟ್ಟರು. "ಕಂಬಳಿ ಸುತ್ತಿರ್ತಾರ, ಮ್ಯಾಲ ಮರಳು. ನಿನಗ ಸುಳ್ಳು ಹೇಳಂಗಿಲ್ಲವ್ವಾ."

ಬಸ್ಸು ಹೊರಟಿತು. ತಮ್ಮನ ಮೇಲೆ ಇನ್ನೂ ಒಂದು ಪತ್ರೆಯೂ ಬಿದ್ದಿಲ್ಲ.