ಕರಿ ಬಟ್ಟೆ ಎತ್ತುವ ಮುನ್ನ

ಬೈರಕೂರಿನ ಆಚೆ, ಮಾವಿನ ತೋಪುಗಳು ಮುಗಿದು ಹಿಪ್ಪುನೇರಳೆ ಹೊಲ ಶುರುವಾಗುವಲ್ಲಿ, ಶೀಟಿನ ಚಾವಣಿಯ ಉದ್ದನೆಯ ಕಟ್ಟಡವೊಂದಿದೆ. ಬೆಳಗಿನ ಐದೂವರೆ. ಶಿವರಾತ್ರಿ ಕಳೆದು ವಾರವಾದರೂ ಚಳಿ ಬಿಟ್ಟಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಮುನಿಯಲ್ಲಮ್ಮ ಕೂತಿದ್ದಾರೆ. ಮುಖ ತೊಳೆದ ನೀರು ಕಿವಿಯ ಪಕ್ಕ ಇನ್ನೂ ಆರಿಲ್ಲ. ಕೈಯೆರಡೂ ಮಡಿಲಲ್ಲಿವೆ. ಪ್ರಾರ್ಥನೆ ಎಂದುಕೊಳ್ಳೋಣವೆಂದರೆ ತುಟಿ ಅಲುಗುವುದಿಲ್ಲ. ದಣಿವಾರಿಸಿಕೊಳ್ಳುತ್ತಿದ್ದಾರೆ ಎನ್ನೋಣವೆಂದರೆ ದಿನ ಇನ್ನೂ ಶುರುವೇ ಆಗಿಲ್ಲ. ಸುಮ್ಮನೆ ಕೂತಿದ್ದಾರೆ. ಪಕ್ಕದಲ್ಲಿ ನಿಂತವರೂ ತಾವಾಗಿಯೇ ದನಿ ತಗ್ಗಿಸುತ್ತಾರೆ.

ಇದು ಚಾಕಿ ಕೇಂದ್ರ. ರೇಷ್ಮೆ ಹುಳು ಮೊಟ್ಟೆಯೊಡೆದು ಹೊರಬಂದ ಮೇಲಿನ ಮೊದಲ ಎಂಟು ದಿನ ಇಲ್ಲೇ ಬೆಳೆಯುತ್ತದೆ. ಆ ಎಳೆಯ ಹುಳುವಿಗೆ ಚಾಕಿ ಹುಳು ಎಂದು ಹೆಸರು. ಆಮೇಲೆ ಅದು ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ರೈತರ ಮನೆ ಸೇರುತ್ತದೆ. ಈ ಬೆಳಗು ಒಳಗಿನ ಕತ್ತಲೆ ಕೋಣೆಯಲ್ಲಿ ನಾಲ್ಕು ಸಾವಿರ ಮೊಟ್ಟೆ ಕರಿ ಬಟ್ಟೆಯ ಕೆಳಗಿವೆ. ಒಂದು ಮೊಟ್ಟೆ ಎಂದರೆ ಈ ಕಸುಬಿನಲ್ಲಿ ಒಂದು ಚಿಟ್ಟೆ ಹಾಳೆಯ ಮೇಲೆ ಇಟ್ಟ ಇಡೀ ಗುಂಪು. ಅದರಲ್ಲಿ ಸಾಸಿವೆಗಿಂತ ಸಣ್ಣವು ನಾನೂರೈವತ್ತರ ಮೇಲಿರುತ್ತವೆ. ಒಟ್ಟು ಹದಿನೆಂಟು ಲಕ್ಷ ಜೀವ. ಬಟ್ಟೆ ಎತ್ತಿ ಬೆಳಕು ತೋರಿಸಿದಾಗ ಅವೆಲ್ಲ ಒಂದೇ ಬೆಳಗಿನಲ್ಲಿ ಏಳಬೇಕು. ಕೆಲವು ಇವತ್ತು, ಕೆಲವು ನಾಳೆ ಎಂದಾದರೆ ಬೆಳೆ ಕೆಟ್ಟಂತೆಯೇ.

ಕಳೆದ ತಿಂಗಳು ಹಾಗಾಯಿತು. ತಪ್ಪು ಮುನಿಯಲ್ಲಮ್ಮನವರದು. ಅವರೇ ಹಾಗೆನ್ನುತ್ತಾರೆ. ಅದಾದ ಮೇಲೆ ಅವರ ಕೈಗೆ ಬಂದಿರುವ ಮೊದಲ ಕಂತು ಮೊಟ್ಟೆ ಇದು. ಇದೂ ಕೆಟ್ಟರೆ ಮತ್ತೆ ಕತ್ತಲೆ ಕೋಣೆಗೆ ಕಾಲಿಡುವುದಿಲ್ಲವೆಂದು ಕೇಂದ್ರದ ಮಾಲೀಕ ಅಮರನಾಥ್‌ಗೆ ತಾವೇ ಮೊದಲು ಹೇಳಿದ್ದಾರೆ.

ಕಾಲು ಗಂಟೆಯ ಮೇಲೆ ಏಳುತ್ತಾರೆ. ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿಯಲ್ಲಿ ಕಾಲದ್ದಿ ಒಳಗೆ ಹೋಗುತ್ತಾರೆ. ಹಿಂದೆ ಹೋಗುವವರೂ ಅದ್ದಬೇಕು. ಪೌಡರ್, ಸೆಂಟು, ತಲೆಗೆಣ್ಣೆ ಯಾವುದೂ ಬೇಡವೆಂದು ಹಿಂದಿನ ದಿನವೇ ಹೇಳಿ ಕಳಿಸಿದ್ದರು. ಹೇಳದೆ ಉಳಿಸಿದ್ದ ಇನ್ನೊಂದು ನಿಯಮ ಬಾಗಿಲಲ್ಲಿ ತಿಳಿಯುತ್ತದೆ. ಬಟ್ಟೆ ಎತ್ತುವ ತನಕ ಯಾರೂ ಅವರನ್ನು ಮಾತನಾಡಿಸುವುದಿಲ್ಲ. ಅಮರನಾಥ್ ಕೂಡ.

ಈ ನಿಯಮ ಅತ್ತೆ ಚಿಕ್ಕಗಂಗಮ್ಮನಿಂದ ಬಂದದ್ದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮುನಿಯಲ್ಲಮ್ಮ ಸೊಸೆಯಾಗಿ ಬಂದ ಮನೆ ಕುರುಡುಮಲೆಯ ಹತ್ತಿರದ ಹಳ್ಳಿಯಲ್ಲಿತ್ತು. ನಡುಮನೆಯ ತುಂಬ ಬಿದಿರಿನ ತಟ್ಟೆ. ಹುಳುವಿಗೆ ಜಾಗ ಬಿಟ್ಟು ಉಳಿದಲ್ಲಿ ಮನೆಯವರು ಮಲಗುತ್ತಿದ್ದರು. ಬೆಳೆ ಮುಗಿದಾಗ ತಟ್ಟೆಗಳಿಗೆ ಸಗಣಿ ಸಾರಿಸಿ ಬಿಸಿಲಿಗೆ ಒರಗಿಸಿಟ್ಟರೆ ಬೀದಿಯ ಎರಡೂ ಕಡೆ ಹಸಿರು ಬಣ್ಣ ಬಳಿದಂತೆ ಕಾಣುತ್ತಿತ್ತು. ಮೊಟ್ಟೆ ತರಲು ಮುಳಬಾಗಿಲಿಗೆ ಹೋದ ಅತ್ತೆ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ, ಮೈಲಿ ಉಳಿದಿದ್ದರೂ ಇಳಿದು ನಡೆದುಬಿಡುವವಳು.

"ನಮ್ಮತ್ತೆ ಬೈಯೋದ್ರಲ್ಲಿ ಬಲು ಜೋರು," ಎಂದು ಮುನಿಯಲ್ಲಮ್ಮ ನಗುತ್ತಾರೆ. "ಊರೋರ್ನೆಲ್ಲ ತೆಲುಗಲ್ಲಿ ಬೈಯೋಳು, ನನ್ನ ಮಾತ್ರ ಕನ್ನಡದಲ್ಲಿ. ಆದ್ರೆ ಹುಳದ ಹತ್ರ ಹೋಗೋ ಮುಂಚೆ ಬಾಯಿಗೆ ಬೀಗ. ಮುಖ ತೊಳ್ಕೊಂಡು ಹೊರಗೆ ಕೂರೋಳು. ಇವತ್ತು ಇವುಕ್ಕೆ ನಾನೇನು ಮಾಡ್ತೀನಿ ಅಂತ ಒಂದೇ ಒಂದು ಮಾತು ಮನಸಲ್ಲಿ ನಿಂತ ಮೇಲೆ ಒಳಕ್ಕೆ. ಎರಡು ಮಾತಿದ್ರೆ ಇನ್ನೂ ಕೂರು ಅನ್ನೋಳು."

ಆ ಒಂದು ಮಾತು ದೊಡ್ಡದೇನೂ ಆಗಬೇಕಿಲ್ಲ. ಇವತ್ತು ತಟ್ಟೆ ಬದಲಿಸಬೇಕು, ಇವತ್ತು ಸೊಪ್ಪು ಸಣ್ಣಗೆ ಹೆಚ್ಚಬೇಕು, ಇವತ್ತು ಕಿಟಕಿ ತೆರೆದು ಗಾಳಿ ಬಿಡಬೇಕು. ಅಷ್ಟೆ. ಮದುವೆಯಾದ ಮೊದಲ ವರ್ಷ ಸೊಸೆಗೆ ಇದೊಂದು ಕಾಟದಂತೆ ಕಂಡಿತ್ತಂತೆ. ಒಂದು ಬೆಳಿಗ್ಗೆ ಗಂಡ ಚನ್ನರಾಯಪ್ಪನ ಜೊತೆ ಜಗಳವಾಡಿ, ಕೂರದೆ, ನೇರವಾಗಿ ಒಳಗೆ ಹೋಗಿ ಸೊಪ್ಪು ಹೆಚ್ಚಿದ್ದಾರೆ. ಅತ್ತೆ ಬಂದವಳೇ ಸೊಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿ, ಏನೂ ಅನ್ನದೆ ಅಷ್ಟನ್ನೂ ಹಸುವಿನ ಮುಂದೆ ಹಾಕಿ, ಬೇರೆ ಸೊಪ್ಪಿಗೆ ಹೊಲಕ್ಕೆ ಹೋಗಿದ್ದಾಳೆ. ಆ ಮೌನದ ಮುಂದೆ ಬೈಗುಳ ಎಷ್ಟೋ ವಾಸಿಯಾಗಿತ್ತು ಎಂದು ಅವರಿಗೆ ಈಗಲೂ ಅನಿಸುತ್ತದೆ.

ಹುಳುವಿಗೆ ಮನುಷ್ಯರ ಸಿಟ್ಟು ತಿಳಿಯುತ್ತದೆಯೇ ಎಂದು ಕೇಳಿದರೆ ಅವರು ತಲೆ ಅಲ್ಲಾಡಿಸುತ್ತಾರೆ. "ಹುಳಕ್ಕೆಲ್ಲಿ ಗೊತ್ತಾಗತ್ತೆ ಕಣಪ್ಪ. ಕೈಗೆ ಗೊತ್ತಾಗತ್ತೆ. ಸಿಟ್ಟಲ್ಲಿ ಹೆಚ್ಚಿದ ಸೊಪ್ಪು ದಪ್ಪ ಬೀಳತ್ತೆ."

ಅತ್ತೆ ಹೋಗಿ ಹದಿನೆಂಟು ವರ್ಷವಾಯಿತು. ಆಮೇಲೆ ಮನೆ ಪಾಲಾದಾಗ ಹಿಪ್ಪುನೇರಳೆ ಹೊಲ ಮೈದುನನಿಗೆ ಹೋಯಿತು, ಇವರ ಪಾಲಿಗೆ ರಾಗಿ ಹೊಲ ಬಂತು. ತಟ್ಟೆಗಳು ಅಟ್ಟ ಸೇರಿದವು. ಸಂಸಾರ ಬೈರಕೂರಿನ ಪಕ್ಕದ ಹಳ್ಳಿಗೆ, ಆ ಹೊಲದ ಹತ್ತಿರಕ್ಕೆ ಬಂತು. ಎರಡು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗಿ ಏನೂ ಮಾಡಲು ತೋಚದೆ ಹಿತ್ತಲಲ್ಲಿ ಕೂತಿರುತ್ತಿದ್ದರಂತೆ. ಕೂರುವ ಅಭ್ಯಾಸ ಉಳಿದಿತ್ತು, ಎದ್ದು ಹೋಗಲು ಒಂದು ಬಾಗಿಲು ಇರಲಿಲ್ಲ. ಅಮರನಾಥ್ ಈ ಕೇಂದ್ರ ತೆರೆದ ವರ್ಷ, ಯಾರೂ ಕರೆಯದಿದ್ದರೂ ಮುನಿಯಲ್ಲಮ್ಮ ತಾವೇ ಬಂದು ಕೆಲಸ ಕೇಳಿದರು. ಅದಕ್ಕೀಗ ಹದಿನಾಲ್ಕು ವರ್ಷ. ಅವರಿಗೆ ಅರವತ್ತೊಂದು.

ಇಂದಿಗೂ ಏಳುವುದು ನಾಲ್ಕಕ್ಕೆ. ಎರಡು ಕಿಲೋಮೀಟರ್ ನಡಿಗೆ. ತಿಂಗಳಿಗೆ ಮೂರು ಕಂತು, ಕಂತಿಗೆ ಮೂರರಿಂದ ನಾಲ್ಕು ಸಾವಿರ ಮೊಟ್ಟೆ. ದಿನಕ್ಕೆರಡು ಸಲ ಸೊಪ್ಪು. ಮಾವು ಹೂಬಿಡುವ ಈ ಕಾಲದಲ್ಲಿ ತೋಪುಗಳಿಗೆ ಔಷಧಿ ಹೊಡೆಯುತ್ತಾರೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಅಂಚಿನ ಸಾಲುಗಳ ಸೊಪ್ಪನ್ನು ಅವರು ಕೊಯ್ಯಬಿಡುವುದಿಲ್ಲ. ಕೋಣೆಯ ಬಿಸಿ, ತೇವ ಅಳೆಯಲು ಮಿಷನ್ ಇದೆ. ಹಳೆಯ ಬಿದಿರು ಹೋಗಿ ಪ್ಲಾಸ್ಟಿಕ್ ತಟ್ಟೆ ಬಂದಿದೆ. ಕಣ್ಣಳತೆಗೆ ಉಳಿದದ್ದು ಒಂದೇ ಕೆಲಸ, ಅದು ಇವರದು. ಮೊಟ್ಟೆಯೊಡೆಯಲು ಎರಡು ದಿನ ಇರುವಾಗ ಗುಂಪಿನ ಒಂದೊಂದು ಸಣ್ಣ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ಕರಿ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಅದು ಹುಳುವಿನ ತಲೆ. ಚುಕ್ಕೆ ಕಂಡ ದಿನವೇ ಕರಿ ಬಟ್ಟೆ ಮುಚ್ಚಬೇಕು. ಕತ್ತಲೆಯಲ್ಲಿ ಮುಂದಿನವು ಕಾಯುತ್ತವೆ, ಹಿಂದಿನವು ಬಂದು ಸೇರಿಕೊಳ್ಳುತ್ತವೆ. ಎರಡು ದಿನದ ಮೇಲೆ ಬೆಳಕು ಕಂಡಾಗ ಎಲ್ಲವೂ ಕೂಡಿ ಏಳುತ್ತವೆ.

ಕಳೆದ ತಿಂಗಳು ಆ ಚುಕ್ಕೆ ಅವರಿಗೆ ಕಾಣಲಿಲ್ಲ. ಕಣ್ಣಿಗೆ ಪೊರೆ ಬಂದು ಆರು ತಿಂಗಳಾಗಿತ್ತು. ಅಷ್ಟೂ ದಿನ ಹಾಳೆಯನ್ನು ಕಿಟಕಿಗೆ ಹಿಡಿದು, ಓರೆ ಮಾಡಿ, ಹೇಗೋ ನಿಭಾಯಿಸಿದ್ದರು. ಆ ದಿನ ಮೋಡ. ಜೊತೆಗೆ ಕೆಲಸ ಮಾಡುವ ರಮ್ಯ ಪಕ್ಕದ ಕೋಣೆಯಲ್ಲೇ ಇದ್ದರು. ಕರೆದು, ಒಂದು ಸಲ ನೋಡು ಅನ್ನಬಹುದಿತ್ತು. ಅನ್ನಲಿಲ್ಲ. ಇನ್ನೂ ಚುಕ್ಕೆ ಬಂದಿಲ್ಲ ಎಂದು ಅಮರನಾಥ್‌ಗೆ ಹೇಳಿಬಿಟ್ಟರು. ಬಟ್ಟೆ ಒಂದು ದಿನ ತಡವಾಗಿ ಬಿತ್ತು.

ಈ ಮಾತು ಹೇಳುವಾಗ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇರುತ್ತಾರೆ. "ಅವತ್ತೂ ಹೊರಗೆ ಕೂತಿದ್ದೆ. ಸುಳ್ಳು ಹೇಳಲ್ಲ. ಆದ್ರೆ ಒಂದು ಮಾತು ನಿಲ್ಲೋಕ್ ಮುಂಚೇನೇ ಎದ್ಬಿಟ್ಟೆ. ಕಣ್ಣು ಹೋಗಿದೆ ಅಂತ ಗೊತ್ತಾದ್ರೆ ಕಳಿಸ್ಬಿಡ್ತಾರೇನೋ ಅನ್ನೋ ಭಯ ಇತ್ತು. ಆ ಭಯಾನೂ ಜೊತೇಲೇ ಒಳಕ್ಕೆ ತಗೊಂಡ್ ಹೋದೆ."

ಮೂರರಲ್ಲಿ ಒಂದು ಪಾಲು ಮುಂಚೆಯೇ ಎದ್ದಿತ್ತು. ವ್ಯತ್ಯಾಸ ದೊಡ್ಡದಾಗಿ ಕಂಡದ್ದು ಹುಳು ಜ್ವರಕ್ಕೆ ಕೂತಾಗ. ಪೊರೆ ಕಳಚುವ ಮುನ್ನ ಹುಳು ತಿನ್ನುವುದು ಬಿಟ್ಟು ತಲೆ ಎತ್ತಿ ಒಂದು ದಿನ ಅಲುಗದೆ ನಿಲ್ಲುತ್ತದೆ. ಅದನ್ನೇ ಇಲ್ಲಿ ಜ್ವರ ಎನ್ನುತ್ತಾರೆ. ಕೆಲವು ಜ್ವರಕ್ಕೆ ಕೂತಿದ್ದರೆ ಕೆಲವು ಇನ್ನೂ ತಿನ್ನುತ್ತಿದ್ದವು. ಹಸಿದವುಗಳಿಗೆ ಸೊಪ್ಪು ಹಾಕಿದರೆ ಮಲಗಿದವು ಅದರಡಿ ಹೂತುಹೋಗುತ್ತಿದ್ದವು. ಆ ದಿನವೇ ಮುನಿಯಲ್ಲಮ್ಮ ಅಮರನಾಥ್ ಎದುರು ನಿಂತು, ತಪ್ಪು ಮೊಟ್ಟೆಯದಲ್ಲ, ನನ್ನದು ಎಂದು ಹೇಳಿ ಕತ್ತಲೆ ಕೋಣೆಯ ಬೀಗದಕೈಯನ್ನು ಮೇಜಿನ ಮೇಲಿಟ್ಟರು. ಅದನ್ನು ಅಮರನಾಥ್ ಯಾರಿಗೂ ಕೊಡದೆ ಡ್ರಾಯರಿನಲ್ಲಿಟ್ಟುಕೊಂಡರು.

ಹುಳು ರೈತರ ಮನೆಗೆ ಹೋದ ಮೇಲೂ ಇವರ ಕಾಲು ನಿಲ್ಲಲಿಲ್ಲ. ಹೆಚ್ಚು ಏರುಪೇರಾಗಿದ್ದದ್ದು ದೇವರಾಯಸಮುದ್ರದ ಮುನಿಯಲ್ಲಪ್ಪನವರ ಮನೆಗೆ ಹೋದ ಹುಳು. ಮೊದಲ ಬಸ್ಸಿಗೆ ಅಲ್ಲಿ ಹೋಗಿ ಇಳಿದಾಗ ಮುನಿಯಲ್ಲಪ್ಪ ಹಲ್ಲುಜ್ಜುತ್ತಾ ಅಂಗಳದಲ್ಲಿ ನಿಂತಿದ್ದರಂತೆ.

"ಏಮಮ್ಮಾ, ಒಂದನೇ ಕ್ಲಾಸು, ಮೂರನೇ ಕ್ಲಾಸು ಎಲ್ಲಾ ಒಂದೇ ರೂಮಲ್ಲಿ ಕೂರಿಸಿ ಕಳ್ಸಿದ್ದೀಯ. ನಮ್ಮನೇನೇನು ಸರ್ಕಾರಿ ಸ್ಕೂಲಾ?"

ಇವರು ಒಳಗೆ ಹೋಗಿ ತಟ್ಟೆಗಳ ಮುಂದೆ ಕೂತರು. ಮಲಗಿದ ಹುಳುಗಳ ಮೇಲೆ ತೆಳ್ಳಗೆ ಸೊಪ್ಪು ಹರಡಿದರೆ ಎಚ್ಚರವಿದ್ದವು ಮಾತ್ರ ಹತ್ತಿ ಬರುತ್ತವೆ. ಆ ಎಲೆಗಳನ್ನು ಹುಳುವಿನ ಸಮೇತ ಎತ್ತಿ ಬೇರೆಡೆ ಇಡಬೇಕು. ಐದು ಬೆಳಗು ಅದೇ ಕೆಲಸ. ಮೂರನೆಯ ದಿನ ಮುನಿಯಲ್ಲಪ್ಪ ಕಾಫಿ ತಂದಿಟ್ಟರು. ಐದನೆಯ ದಿನ ಬಸ್ಸಿನ ತನಕ ಬಂದು, ಬೆಳೆ ಅರ್ಧ ಕೈಗೆ ಬರುತ್ತದೆ ಎಂದಷ್ಟೇ ಹೇಳಿದರು. ಉಳಿದರ್ಧದ ನಷ್ಟದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಇನ್ನೂ ಹಾಗೆಯೇ ಇದೆ.

ಮೂರು ವಾರ ಮುನಿಯಲ್ಲಮ್ಮ ಸೊಪ್ಪು ಹೆಚ್ಚುವ ಕಡೆ ಮಾತ್ರ ಇದ್ದರು. ನಡುವಿನ ಕಂತುಗಳಿಗೆ ಅಮರನಾಥ್ ತಾವೇ ಕೋಣೆ ತೆರೆದರು. ಕಟ್ಟೆಯ ಮೇಲೆ ಕೂರುವುದನ್ನು ಬಿಡಲಿಲ್ಲ. ತಪ್ಪು ಮಾಡಿದ ಮೇಲೆ ಬೆಳಿಗ್ಗೆ ಹಾಗೆ ಕೂತು ಮನಸ್ಸನ್ನು ಹೇಗೆ ತಿಳಿ ಮಾಡಿಕೊಂಡಿರಿ ಎಂಬ ಪ್ರಶ್ನೆಗೆ ಅವರು ಕೋಣೆಯ ಕಡೆ ಕೈ ತೋರಿಸುತ್ತಾರೆ.

"ಹೋದ ತಿಂಗಳು ಕೆಟ್ಟಿದ್ದು ಈ ಹುಳಕ್ಕೆ ಗೊತ್ತಿಲ್ವಲ್ಲ. ಇವು ಹುಟ್ಟೋದೇ ಇವತ್ತು. ಅದನ್ನ ನಾನು ಹೊತ್ಕೊಂಡು ಒಳಗೆ ಹೋದ್ರೆ ಇವುಕ್ಕೆ ಯಾಕೆ ಶಿಕ್ಷೆ?"

ಈ ಕಂತು ಬಂದಾಗ ಅಮರನಾಥ್ ಡ್ರಾಯರಿನಿಂದ ಬೀಗದಕೈ ತೆಗೆದು ಕೊಟ್ಟಿದ್ದಾರೆ, ಈ ಒಂದು ಸಲಕ್ಕೆ. ಮುನಿಯಲ್ಲಮ್ಮ ಕೋಣೆ ತೆರೆದವರೇ ಮೊದಲು ರಮ್ಯರನ್ನು ಕೂಗಿದ್ದಾರೆ. ಕೈಗೆ ಭೂತಗನ್ನಡಿ ಕೊಟ್ಟು, "ನಂಗೆ ಕಾಣಲ್ಲ ಕಣೇ, ನೀನು ನೋಡಿ ಹೇಳು" ಎಂದಿದ್ದಾರೆ. ಆರು ತಿಂಗಳು ಬಾಯಿಗೆ ಬಾರದ ಮಾತು. ಅವತ್ತು ಬೆಳಿಗ್ಗೆ ಕೂತಾಗ ಮನಸ್ಸಿನಲ್ಲಿ ನಿಂತದ್ದು ಅದೊಂದೇ ಆಗಿತ್ತಂತೆ. ರಮ್ಯ ಒಂದೊಂದೇ ಹಾಳೆ ನೋಡಿ ಚುಕ್ಕೆ ಇದೆ, ಇದೆ ಎನ್ನುತ್ತಾ ಹೋದಂತೆ ಇವರು ಒಂದೊಂದನ್ನೇ ಜೋಡಿಸಿ ಬಟ್ಟೆ ಮುಚ್ಚಿದ್ದಾರೆ. ಅದು ಮೊನ್ನೆ.

ಈಗ ಆರು ಗಂಟೆ. ಪೂರ್ವದ ಕಿಟಕಿಯ ಪರದೆ ಸರಿಸಿ, ಕರಿ ಬಟ್ಟೆಯ ಎರಡು ತುದಿ ಹಿಡಿದು ಮುನಿಯಲ್ಲಮ್ಮ ಎತ್ತುತ್ತಾರೆ. ಕೆಳಗೆ ಹಾಳೆಗಳ ಸಾಲು. ಮೊಟ್ಟೆಗಳು, ಒಡೆಯುವ ಮುನ್ನ ಆಗುವಂತೆ, ನೀಲಿಗಟ್ಟಿವೆ. ಏನೂ ಅಲುಗುವುದಿಲ್ಲ. ಅಮರನಾಥ್ ಬಾಗಿಲಿಗೆ ಒರಗಿ ನಿಂತಿದ್ದಾರೆ. ಹತ್ತು ನಿಮಿಷ. ಇಪ್ಪತ್ತು. ಕಿಟಕಿಯ ಬೆಳಕು ಬೂದಿ ಬಣ್ಣದಿಂದ ಹಳದಿಗೆ ತಿರುಗುತ್ತದೆ. ಎಲ್ಲೋ ಹೊಲದಲ್ಲಿ ಮೋಟರು ಶುರುವಾಗುತ್ತದೆ. ಮುನಿಯಲ್ಲಮ್ಮ ಹಾಳೆಯನ್ನು ನೋಡುತ್ತಿಲ್ಲ. ಹಾಳೆ ನೋಡುತ್ತಿರುವ ರಮ್ಯರ ಮುಖ ನೋಡುತ್ತಿದ್ದಾರೆ.

"ಎದ್ದವೇನೇ?"

"ಏಳ್ತಾ ಇದಾವೆ ದೊಡ್ಡಮ್ಮ."

"ಎಷ್ಟು?"

ರಮ್ಯ ಒಂದು ಹಾಳೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಾರೆ. ಬರಿಗಣ್ಣಿಗೆ ಈಗ ಕಾಣುವುದಿಷ್ಟು: ಕೂದಲು ಕತ್ತರಿಸಿ ಚೆಲ್ಲಿದಂಥ ಕರಿ ಎಳೆಗಳು, ಪ್ರತಿಯೊಂದೂ ತನ್ನಷ್ಟಕ್ಕೆ ಕೊಂಕುತ್ತಿದೆ. ಏಳೂವರೆಯ ಹೊತ್ತಿಗೆ ರಮ್ಯ ಒಂದು ಗುಂಪಿನಲ್ಲಿ ಒಡೆಯದೆ ಉಳಿದವನ್ನು ಎಣಿಸಿ ಮುಗಿಸುತ್ತಾರೆ. ನಾನೂರ ಅರವತ್ತರಲ್ಲಿ ಇಪ್ಪತ್ತೆರಡು. ಬೇರೆ ಐದು ಕಡೆ ನೋಡಿದರೂ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ. ಎಲ್ಲ ಕೂಡಿಯೇ ಎದ್ದಿವೆ.

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮುನಿಯಲ್ಲಮ್ಮ ಎಳೆಯ ಸೊಪ್ಪು ಹೆಚ್ಚಿದ್ದನ್ನು ಹುಳುಗಳ ಮೇಲೆ ಉದುರಿಸತೊಡಗುತ್ತಾರೆ. ಹಾಳೆಗೆ ಅಂಟಿಕೊಂಡವನ್ನು ಕೋಳಿಗರಿಯಿಂದ ತಟ್ಟೆಗೆ ಇಳಿಸುತ್ತಾರೆ. ಗರಿ ಹಾಳೆಗೆ ತಾಕುವ ಸದ್ದೂ ಕೇಳುವುದಿಲ್ಲ. ಇದಕ್ಕೆ ಕಣ್ಣು ಬೇಕಾಗಿಲ್ಲ, ನಲವತ್ತು ವರ್ಷ ದಾಟಿದ ಕೈ ತಾನೇ ನಡೆಯುತ್ತದೆ.

ಒಂಬತ್ತಕ್ಕೆ ಕೈ ತೊಳೆದು ಹೊರಬಂದಾಗ ಅಮರನಾಥ್, ಬೀಗದಕೈ ಇನ್ನು ನಿಮ್ಮ ಹತ್ತಿರವೇ ಇರಲಿ ಅಕ್ಕ, ಎನ್ನುತ್ತಾರೆ. ಮುನಿಯಲ್ಲಮ್ಮ ಅದನ್ನು ಸೊಂಟದಿಂದ ತೆಗೆದು ರಮ್ಯರ ಅಂಗೈಯಲ್ಲಿ ಇಡುತ್ತಾರೆ. ಮುಂದಿನ ವಾರ ಕೋಲಾರದ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್. ಮಾಲೂರಿನಿಂದ ಮಗಳು ಗಂಗಾಲಕ್ಷ್ಮಿ ಬಂದು ಕರೆದುಕೊಂಡು ಹೋಗುತ್ತಾಳೆ.

"ನಾನು ಬಂದ ಮೇಲೆ ಕೇಳಿ ಇಸ್ಕೋತೀನಿ ಬಿಡಪ್ಪ," ಎನ್ನುತ್ತಾರೆ. "ಅಷ್ಟೊತ್ತಿಗೆ ಇವಳು ಕೊಟ್ರೆ."

"ಕೊಡಲ್ಲ," ಎಂದು ರಮ್ಯ ನಗುತ್ತಾರೆ.

ಮುನಿಯಲ್ಲಮ್ಮನವರಿಗೊಂದು ಯೋಚನೆ ಉಳಿದಿದೆ. ಆಪರೇಷನ್ನಿನ ಭಯವೆಂದರೆ ಅಲ್ಲವಂತೆ. ಮರುದಿನ ಕಣ್ಣಿಗೆ ಪಟ್ಟಿ ಇರುತ್ತದೆ, ಏಳಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅಂಥ ಬೆಳಗು ಹೇಗಿರುತ್ತದೋ. ಇವತ್ತು ಎದ್ದ ಹುಳು ಆಪರೇಷನ್ನಿನ ಆ ಮರುದಿನವೇ ಎರಡನೇ ಜ್ವರದಿಂದ ಏಳಬೇಕು. ಬೆರಳು ಮಡಚಿ ಎರಡು ಸಲ ಎಣಿಸಿ ನೋಡಿಕೊಳ್ಳುತ್ತಾರೆ.

"ಅವತ್ತು ಎದ್ದ ತಕ್ಷಣ ಹಾಸಿಗೆ ಮೇಲೇ ಕೂತ್ಕೊಂಡು ರಮ್ಯಂಗೆ ಫೋನ್ ಮಾಡ್ತೀನಿ. ಎಲ್ಲಾ ಒಟ್ಟಿಗೆ ಎದ್ದವಾ ಅಂತ ಕೇಳೋದು. ಅವತ್ತಿಗೆ ಅಷ್ಟು ಕೆಲಸ ಸಾಕು."