ನೀರುದೋಸೆಯ ಬಣ್ಣ

ಗುಣವತಿಯ ಅಡುಗೆ ವಿಡಿಯೊಗಳಲ್ಲಿ ಮುಖ ಕಾಣುತ್ತಿರಲಿಲ್ಲ. ಹಸಿರು ಬಳೆಯ ಎರಡು ಕೈ, ಎಡ ಮಣಿಕಟ್ಟಿನ ಮೇಲೆ ಕಾವಲಿ ತಾಗಿ ಸುಟ್ಟ ಕಲೆ, ಕನ್ನಡ ತಮಿಳು ಬೆರೆತ ಮೆಲುದನಿ, ಅಷ್ಟೇ. ಕಾಪುವಿನಿಂದ ಮದುವೆಯಾಗಿ ತಮಿಳುನಾಡಿನ ಪಲ್ಲಾವರಕ್ಕೆ ಬಂದವಳಿಗೆ ಅಷ್ಟು ಸಾಕಿತ್ತು. ಗಂಡ ಮಧ್ವರಾಜ ಅಲ್ಲೇ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ.

ಒಂದು ಬೆಳಿಗ್ಗೆ ನೀರುದೋಸೆ ತೋರಿಸಲು ಹೊರಟಳು. ಅರೆದ ಅಕ್ಕಿಗೆ ನಳ್ಳಿ ನೀರು ಹೊಯ್ದಾಗ ಹಾಲಿನಂತಿರಬೇಕಾದ ಹಿಟ್ಟು ಚಹಾದ ಬಣ್ಣಕ್ಕೆ ತಿರುಗಿತು. ನಮ್ಮ ಬೀದಿಗೆ ನೀರು ಹೀಗೇ ಬರುವುದು ಎಂದು ಹೇಳಿ, ಅದನ್ನು ಚೆಲ್ಲಿ, ಕ್ಯಾನ್ ನೀರಿನಲ್ಲಿ ಬೇರೆ ಹಿಟ್ಟು ಕಲಸಿದಳು. ವಿಡಿಯೊದಿಂದ ಆ ಭಾಗ ಕತ್ತರಿಸಲು ಮನಸ್ಸಾಗದೆ ಎಲ್ಲವನ್ನೂ ಹಾಗೆಯೇ ಹಾಕಿಬಿಟ್ಟಳು.

ದೋಸೆಯ ಬಗ್ಗೆ ಯಾರೂ ಕೇಳಲಿಲ್ಲ. ವಿಡಿಯೊದ ಕೆಳಗೆ ಬೀದಿಗಳ ಹೆಸರು ಸಾಲುಗಟ್ಟಿದವು: ನಮ್ಮಲ್ಲೂ, ನಮ್ಮಲ್ಲೂ. ಹಿಂದಿನ ಬೀದಿಯ ಜಾನಕಮ್ಮ, ಮೊಮ್ಮಗಳಿಗೆ ಭೇದಿ ನಿಂತಿಲ್ಲವೆಂದು ಬರೆದರು. ಸೋಮವಾರ ನೀರಿನ ಕಛೇರಿಯ ಮುಂದೆ ಧರಣಿ ಕೂರೋಣ ಎಂದು ಯಾರೋ ಅಂದರು. ಯಾರ ಮಾತಿಗೂ ಉತ್ತರಿಸದೆ ಬಿಡದ ಗುಣವತಿ, ನಾನೂ ಬರುತ್ತೇನೆ ಅಮ್ಮ ಎಂದು ಜಾನಕಮ್ಮನಿಗೆ ಬರೆದಳು.

ಮಧ್ವರಾಜ ಅದನ್ನೆಲ್ಲ ಓದಿ ಊಟದ ತಟ್ಟೆ ಸರಿಸಿದ. ಹೋಟೆಲಿನ ಅಡುಗೆಗೂ ಇದೇ ನೀರೆಂದು ಗಿರಾಕಿಗಳು ತಿಳಿದರೆ? ಧಣಿಗಳು ತನ್ನನ್ನು ಗಲ್ಲಾದಿಂದ ಎಬ್ಬಿಸಿದರೆ?

"ಅಳಿಸು ಮಾರಾಯ್ತಿ. ನಿನ್ನ ಮುಖ ಯಾರು ಕಂಡಿದ್ದಾರೆ? ಹೋಗದಿದ್ದರೂ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗ್ತದಲ್ಲ."

ಹೋದಳು. ಸೆರಗು ಹೊದ್ದು ಕೊನೆಯ ಸಾಲಿನಲ್ಲಿ ನಿಂತಳು. ಎಲ್ಲರಂತೆ ಕಂದು ನೀರಿನ ಬಾಟಲಿ ಎತ್ತಿದಾಗ ಸೆರಗು ಜಾರಿತು. ಪಕ್ಕದ ಮುದುಕಿಯೊಬ್ಬರು ಅವಳ ಮಣಿಕಟ್ಟು ಹಿಡಿದು ನೋಡಿ, ಇದು ನನಗೆ ಗೊತ್ತಿರುವ ಕೈ ಎಂದು ತಮಿಳಿನಲ್ಲಿ ಅಂದರು. ಜಾನಕಮ್ಮ. ಹಿಡಿದ ಕೈ ಬಿಡದೆ ಮುಂದಿನ ಸಾಲಿಗೆ ಕರೆದೊಯ್ದು ಕೂರಿಸಿಕೊಂಡರು. ಸುತ್ತ ಫೋನುಗಳು ಎದ್ದವು. ಗುಣವತಿಗೆ ಗಂಡನ ಗಲ್ಲಾದ ಕುರ್ಚಿ ನೆನಪಾಗಿ ತಲೆ ತಗ್ಗಿತು. ಆಮೇಲೆ ತಾನೇ ಫೋನು ತೆಗೆದು ತನ್ನ ಮುಖದತ್ತ ತಿರುಗಿಸಿಕೊಂಡಳು.

ಮಧ್ಯಾಹ್ನ ಮಧ್ವರಾಜನ ಕರೆ ಬಂತು.

"ಧಣಿಗಳು ನಿನ್ನ ವಿಡಿಯೊ ನೋಡಿದರು."

"ಏನಂದರು?"

ತನ್ನ ಕೆಲಸದ ಮಾತು ಅವರು ತೆಗೆಯಲಿಲ್ಲ ಎಂದ ಅವನು. "ಅವರ ಮನೆ ನಳ್ಳಿಯಲ್ಲೂ ಹಾಗೇ ಅಂತೆ."

ಗುಣವತಿ ಬಿಸಿಲಿಗೆ ಸೆರಗು ಸರಿಮಾಡಿಕೊಂಡಳು. "ಹಾಗಾದರೆ ನಾಳೆಯೂ ಇಲ್ಲಿ ಕೂರ್ತೇವೆ, ಅವರಿಗೂ ಬರ್ಲಿಕ್ಕೆ ಹೇಳಿ. ನೀವೂ ಬನ್ನಿ."