ಸೀರಮ್ಮಿಗೆ ಹಿಡಿದ ಕೊಡೆ

ಫ್ರೆಂಡ್ಸ್, ಬಿಸಿಲಿಗೆ ಚರ್ಮ ಬೇಗ ಮುದಿಯಾಗದಂತೆ ಆಂಟಿಆಕ್ಸಿಡೆಂಟ್ ಕಾಪಾಡೀತೆಂದು ಓದಿ, ಇವತ್ತು ಕುಂದಾಪುರದ ಮೆಡಿಕಲ್ಲಿನಲ್ಲಿ ವಿಟಮಿನ್ ಸಿ ಸೀರಮ್ ಕೊಂಡೆ.

"ಬಿಸ್ಲಿಗೆ ಇಡ್ಬೇಡಿ ಮೇಡಂ, ಕಂದು ಆತ್ತ್. ಮತ್ತೆ ಪ್ರಯೋಜನ ಇಲ್ಲ" ಎಂದರು ಅಂಗಡಿಯವರು.

ಅಲ್ಲಿಂದ ಮೀನು ಮಾರ್ಕೆಟ್ಟಿಗೆ ಹೋದೆ. ಸ್ಕೂಟರಿನ ಡಿಕ್ಕಿ ಕಾದ ಕಾವಲಿಯಂತಿತ್ತು. ದಿನಾ ಮೀನು ಕೊಡುವ ಗಿರಿಜಕ್ಕನಿಗೆ ವಿಷಯ ಹೇಳಿ, ಬಾಟಲಿಯನ್ನು ಅವರ ಕೊಡೆಯ ನೆರಳಲ್ಲಿಟ್ಟೆ.

ಅವರು ಬಂಗುಡೆ ಕೊಯ್ಯುತ್ತಲೇ ಕೇಳಿದರು: "ಅಲ್ದಾ, ನಿಮ್ಮನ್ನ ಬಿಸ್ಲಿಂದ ಕಾಪಾಡುಕೆ ತಂದದ್ದಕ್ಕೆ ನೀವೇ ಕೊಡೆ ಹಿಡಿಕಾ?"

ಪಾಪ, ಅವರೇ ಬಾಟಲಿಯನ್ನೆತ್ತಿ ಬಂಗುಡೆ ಪಕ್ಕ ಐಸಿನ ಮೇಲೆ ಮಲಗಿಸಿದರು. ಕೊಡೆಯಡಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಮೀನು ಕೊಯ್ದು ಮುಗಿಯುವವರೆಗೂ ನಾನು ಹೊರಗೆ ನಿಂತಿದ್ದೆ.

ಈಗ ಮನೆಯಲ್ಲಿದ್ದೇನೆ. ಬಾಟಲಿಗೆ ಸ್ವಲ್ಪ ಮೀನಿನ ವಾಸನೆ ಬಂದಿದೆ, ಆದರೆ ಸೀರಮ್ಮಿನ ಬಣ್ಣ ಒಂದಿಷ್ಟೂ ಬದಲಾಗಿಲ್ಲ. ಕಂದಾದದ್ದು ನಾನೊಬ್ಬಳೇ.